ಮುದ್ರೆ ಸಾಹೇಬರು ಕೇಳಿದ್ದು

ತೂಕ ಅಳತೆ ಇಲಾಖೆಯ ಕೆರಿಯಪ್ಪನವರು
ಮಂಗಳವಾರ ಮಂಗಳವಾರ ರೈಲ್‌ಬಸ್ಸಿನಲ್ಲಿ ಸಿಗುತ್ತಿದ್ದರು,
ತೊಡೆಯ ಮೇಲೆ ಮರದ ಪೆಟ್ಟಿಗೆ,
ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಬಟ್ಟುಗಳು.
ಬೆರಳು ತಾಗಿಸುವಂತಿಲ್ಲ, ಚಿಮಟದಲ್ಲೇ ಎತ್ತಬೇಕು.
ಬೆವರೂ ತೂಗುತ್ತದೆ ಮೇಡಂ, ಅನ್ನುತ್ತಿದ್ದರು.

ನಾನು ಸಾಗರದ ಕಾಲೇಜಿಗೆ, ಭೌತಶಾಸ್ತ್ರಕ್ಕೆ.
ಚೀಲದಲ್ಲಿ ಉತ್ತರಪತ್ರಿಕೆ, ಅದರಡಿ ನನ್ನದೊಂದು ನೋಟ್‌ಬುಕ್ಕು,
ಹನ್ನೊಂದು ವರ್ಷದ್ದು, ರಟ್ಟು ಕಿತ್ತದ್ದು.
ಅದೇನು ಬರೀತೀರಿ, ಕುಂಸಿ ದಾಟಿದ ಮೇಲೆ ಒಂದು ದಿನ ಕೇಳಿದರು.
ಗುರುತ್ವ, ವಿದ್ಯುತ್ಕಾಂತ, ಎರಡಕ್ಕೂ ಒಂದೇ ಲೆಕ್ಕ
ಹಾಕಲು ಬರುತ್ತದಾ ಅಂತ. ಗೇಜ್ ಸಿದ್ಧಾಂತ, ಅಂದೆ.
ಅವರು ಬಗ್ಗಿ ಕಿಟಕಿಯಾಚೆ ಹಳಿ ನೋಡಿದರು.
ಮೀಟರ್ ಗೇಜಾ?

ನಗಲಿಲ್ಲ ನಾನು. ಆ ಮಾತು ಹುಟ್ಟಿದ್ದೇ ಅಳತೆಕೋಲಿನಿಂದ.

ನೋಡಿ, ಪ್ರತಿ ಊರಿಗೂ ಅದರದೇ ಕೊಳಗ ಇರಲಿ ಬಿಡಿ,
ಊರಿಗಷ್ಟೇ ಯಾಕೆ, ಬದುವಿನ ಒಂದೊಂದು ಹುಲ್ಲಿಗೂ ಇರಲಿ.
ಯಾರು ಯಾವ ಕೊಳಗ ಹಿಡಿದರೂ ಭತ್ತ ಅಷ್ಟೇ ಇರಬೇಕು.
ಹೀಗಂತ ಹಟ ಹಿಡಿದಿರೋ,
ಪಕ್ಕಪಕ್ಕದ ಎರಡು ಕೊಳಗಗಳ ನಡುವೆ
ಒಬ್ಬ ಶಾನುಭೋಗ ಬಂದು ಕೂರುತ್ತಾನೆ,
ಇಲ್ಲಿಯ ಒಂದು ಅಲ್ಲಿಗೆ ಎಷ್ಟು ಅಂತ ಬರೆಯುತ್ತಾ.
ವಿದ್ಯುತ್ತು, ಕಾಂತ ಅನ್ನುವುದು ಅವನ ಕಡತವನ್ನೇ.
ಈ ಬೋಗಿಯ ಮಿಣುಕು ಬಲ್ಬಿನ ಬೆಳಕೂ ಅದರದೊಂದು ಹಾಳೆ.

ಮೊದಲ ಸಲ ಬರೆದಾಗ ತಪ್ಪಿತ್ತು.
ದಾರಿಯಲ್ಲಿ ಕೋಲಿನ ಉದ್ದವೇ ಬದಲಾಗುವುದಾದರೆ
ನನ್ನ ಲ್ಯಾಬಿನ ಸೋಡಿಯಂ ದೀಪ
ಯಾವ ದಾರಿಯಲ್ಲಿ ಬಂದೆ ಅಂತ ಬಣ್ಣದಲ್ಲೇ ಹೇಳಬೇಕಿತ್ತು.
ಹೇಳುವುದಿಲ್ಲ. ಹೊಸನಗರದ ಮೇಲೆ ತಂದರೂ ಅದೇ ಹಳದಿ.
ಹಾಗಾಗಿ ತಿರುಗುವುದು ಉದ್ದವಲ್ಲ,
ಕಣದೊಳಗಿನ, ಕಣ್ಣಿಗೆ ಬೀಳದ ಒಂದು ಮುಳ್ಳು.

ಗುರುತ್ವಕ್ಕೂ ಅದೇ ವ್ಯಾಕರಣ.
ಗಾರೆಯವನ ತೂಗುಗುಂಡು
ಶಿವಮೊಗ್ಗದಲ್ಲಿ ಬಿಟ್ಟದ್ದಕ್ಕೂ ತಾಳಗುಪ್ಪದಲ್ಲಿ ಬಿಟ್ಟದ್ದಕ್ಕೂ
ಚೂರು ವಾಲು.
ಊರಿಗೊಂದು ಕೆಳಗೆ.
ಆ ಕೆಳಗೆಗಳನ್ನು ಹೊಂದಿಸಲು ಇನ್ನೊಬ್ಬ ಶಾನುಭೋಗ.

ಅರಸಾಳು ಬರುವ ತನಕ ಅವರು ಮಾತಾಡಲಿಲ್ಲ.
ಆಮೇಲೆ: ಮೂಲ ಬಟ್ಟು ಎಲ್ಲಿಟ್ಟಿದ್ದಾರೆ?
ನಮ್ಮದು ಬೀರುವಿನಲ್ಲಿದೆ, ಎರಡು ಬೀಗ.
ಎಲ್ಲೂ ಇಲ್ಲ, ಅಂದೆ. ಬೀರುವೇ ಇಲ್ಲ.
ಮೂವತ್ತು ವರ್ಷ ಮುದ್ರೆ ಒತ್ತಿದ ಹೆಬ್ಬೆರಳು
ಪೆಟ್ಟಿಗೆಯ ಕೊಂಡಿ ಹುಡುಕಿತು.
ಹಾಗಾದರೆ ಮೋಸ ಹಿಡಿಯುವುದು ಹೇಗೆ?

ಸುತ್ತು ಹಾಕಬೇಕು ಸಾಹೇಬರೇ.
ಒಂದು ಕಡ್ಡಿ ಹಿಡಿದು ಹೊರಟು
ಸಾಗರ, ಸೊರಬ, ಶಿಕಾರಿಪುರ, ಮತ್ತೆ ಸಾಗರ,
ನಾವಾಗಿ ಎಲ್ಲೂ ತಿರುಗಿಸದೆ,
ಶಾನುಭೋಗರು ಹೇಳಿದಂತೆಯೇ ಹಿಡಿದು ನಡೆದು
ಹೊರಟ ಬಾಗಿಲಿಗೆ ಬಂದಾಗ
ಕಡ್ಡಿ ಬೇರೆ ಕಡೆ ನೋಡುತ್ತಿದ್ದರೆ ಆ ವ್ಯತ್ಯಾಸವೇ ಬಲ.
ಯಾರೂ ಸುಳ್ಳು ಬರೆದಿಲ್ಲ. ಲೆಕ್ಕ ಮಾತ್ರ ಕೂಡಿಬರಲಿಲ್ಲ.
ಹಲಸು ಬೀಳುವುದು, ದಿಕ್ಸೂಚಿ ಹೊರಳುವುದು
ಆ ಕೂಡದ ಲೆಕ್ಕದಿಂದ.

ಎರಡೂ ಶಾನುಭೋಗರನ್ನು ಒಂದೇ ಚಾಪೆಯಲ್ಲಿ ಕೂರಿಸುವುದು ನನ್ನ ಹನ್ನೊಂದು ವರ್ಷ.
ಕೂರುತ್ತಾರೆ, ಬೆನ್ನು ತಿರುಗಿಸಿ.
ಒಬ್ಬನಿಗೆ ತಿರುಗುವುದು ಒಳಗಿನ ಮುಳ್ಳು,
ಇನ್ನೊಬ್ಬನಿಗೆ ಚಾಪೆಯೇ.
ಜೋಗದಲ್ಲಿ ಒಂದಾಗಿದೆಯಲ್ಲ ಮೇಡಂ, ಅಂದಳು
ಕೊನೆಯ ಬೆಂಚಿನ ಜೆಸಿಂತಾ,
ನೀರು ಬೀಳುತ್ತೆ, ಕರೆಂಟು ಬರುತ್ತೆ.
ಅದು ಲೇವಾದೇವಿ ಮಗಳೇ, ನೆಂಟಸ್ತನ ಅಲ್ಲ.

ಆಮೇಲೆ ಹಳಿ ಕಿತ್ತರು, ಅಗಲದ ಹಳಿ ಹಾಕಿದರು.
ರೈಲ್‌ಬಸ್ಸು ಯಾವುದೋ ಶೆಡ್ಡು ಸೇರಿತು,
ಎಂಜಿನ್ನು, ಸೀಟು, ಹಾರನ್ನು ಎಲ್ಲ ಸರಿಯಿದ್ದೂ
ಗಾಲಿಯಿಂದ ಗಾಲಿಗಿನ ದೂರ ಒಂದು ತಪ್ಪಾಗಿ.

ನಿವೃತ್ತಿಯ ಮಾರನೇ ದಿನ ಕೆರಿಯಪ್ಪ ಕಾಲೇಜಿಗೇ ಬಂದು
ಇನ್ನೂರು ಗ್ರಾಮಿನ ಒಂದು ಬಟ್ಟು ಕೊಟ್ಟರು,
ಸವೆದು ಲೆಕ್ಕದಿಂದ ತೆಗೆದುಹಾಕಿದ್ದು.
ಎಷ್ಟು ಕಡಿಮೆ ಇದೆ, ಕೇಳಿದೆ.
ಯಾವುದಕ್ಕಿಂತ? ಅಂದರು.

ನೋಟ್‌ಬುಕ್ಕಿನ ಮೇಲೆ ಈಗ ಅದೇ ಕೂತಿದೆ.
ಫ್ಯಾನು ಹಾಳೆ ಎತ್ತುತ್ತದೆ, ಬಟ್ಟು ಒತ್ತುತ್ತದೆ,
ಅಂಚು ಮಾತ್ರ ಪಟಪಟ ಅನ್ನುತ್ತಿರುತ್ತದೆ ರಾತ್ರಿಯೆಲ್ಲ.